ಕೈ ಹಿಡಿದು ಕಲಿಸಬಾರದು

ಮೌಸ್ ಹಿಡಿಯುವುದನ್ನು ಬಾಯಿಮಾತಿನಲ್ಲಿ ಕಲಿಸಲು ಆಗುವುದಿಲ್ಲ. ಮೊದಲ ಸಲ ಹಿಡಿದ ಮಗು ಅದನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಇಲ್ಲವೇ ಮಣ್ಣಹೆಂಟೆ ಪುಡಿಮಾಡುವಂತೆ ಅಮುಕುತ್ತದೆ. ಪರದೆಯ ಮೇಲಿನ ಬಾಣ ಮೂಲೆಗೆ ಓಡಿ ಕಾಣೆಯಾಗುತ್ತದೆ. ಮಗು ಹೆದರಿ ಕೈ ತೆಗೆಯುತ್ತದೆ. ಆಗ ಅದರ ಕೈಮೇಲೆ ನಿಮ್ಮ ಕೈ ಇಡಬೇಕು. ಮೆಲ್ಲಗೆ ಸರಿಸಬೇಕು. ಅದರ ಬೆರಳ ಮೇಲೆ ನಿಮ್ಮ ಬೆರಳಿಟ್ಟು ಒಮ್ಮೆ ಒತ್ತಬೇಕು. ಟಕ್ ಎನ್ನುತ್ತದೆ. ಮಗು ನಗುತ್ತದೆ. ಬೇರೆ ದಾರಿ ಇಲ್ಲ.

ನವನೀತಾಳಿಗೆ ಹಾಗೆಯೇ ಕಲಿಸಿದ್ದರು. ಅವಳೂ ಹಾಗೆಯೇ ಕಲಿಸಿದಳು. ಅದೇ ತಪ್ಪಾಯಿತು.

ಅವಳು ಮಕ್ತಲ್‌ನ ಮಾದಿಗರ ಕೇರಿಯವಳು. ಅಪ್ಪ ಚಿನ್ನಯ್ಯ ಮಣ್ಣಿನ ಕೆಲಸಕ್ಕೆಂದು ಮುಂಬಯಿಗೆ ಹೋಗಿದ್ದ. ಪಾಯದ ಗುಂಡಿ ಕುಸಿದು ಅಲ್ಲೇ ಸತ್ತ. ಅವ್ವ ಮೊಗುಲಮ್ಮ ಮಗಳನ್ನು ಕಟ್ಟಿಕೊಂಡು ಪ್ರತಿ ಮಳೆಗಾಲ ಗದ್ವಾಲ್ ಕಡೆಗೆ, ಮಾನೋಪಾಡಿನ ಆಚೆಯ ಬೀಜದ ಹತ್ತಿ ಹೊಲಗಳಿಗೆ ಹೋಗುತ್ತಿದ್ದಳು. ಬೀಜದ ಹತ್ತಿಗೆ ಸಣ್ಣ ಬೆರಳು ಬೇಕು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಎಳೆಗಳನ್ನು ಕಿತ್ತು ಹಾಕಬೇಕು. ಬೆಳಿಗ್ಗೆ ಬೇರೆ ಗಿಡದ ಹೂ ತಂದು ಅದರ ಹುಡಿಯನ್ನು ತಿಕ್ಕಬೇಕು. ಸೊಂಟ ಬಗ್ಗಿಸಿಯೇ ಇರಬೇಕು. ಹೊಡೆದ ಔಷಧ ಉಗುರ ಸಂದಿಗೆ ಇಳಿದು ನವನೀತಾಳ ಬೆರಳ ಚರ್ಮ ಸುಲಿಯುತ್ತಿತ್ತು. ರೊಟ್ಟಿಗೆ ಖಾರ ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಸ್ಟೆಲ್ಲಿಗೆ ಸೇರಿದ ಮೇಲೆ ಆ ಕೆಲಸ ತಪ್ಪಿತು. ನಾರಾಯಣಪೇಟೆಯಲ್ಲಿ ಡಿಗ್ರಿ ಮುಗಿಸಿದಳು. ಅಲ್ಲೇ ಕಂಪ್ಯೂಟರ್ ಕಲಿತಳು. ಒಂದು ಏಜೆನ್ಸಿಯವರು ಹೊರಗುತ್ತಿಗೆಯ ಮೇಲೆ ಹಾಲಗುಡ್ಡದ ಕನ್ನಡ ಮಾಧ್ಯಮದ ಶಾಲೆಗೆ ಕಂಪ್ಯೂಟರ್ ಕಲಿಸಲು ಕಳಿಸಿದರು.

ಹಾಲಗುಡ್ಡ ಮಾಗನೂರಿನಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ, ತೆಲುಗು ರಾಜ್ಯಕ್ಕೆ ಸೇರಿದ ಗಡಿಯ ಊರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಶಾಲೆಗೆ ಕಂಪ್ಯೂಟರು ಬಂದು ಬಹಳ ಕಾಲವಾಗಿತ್ತು. ಡಬ್ಬಿಗಳನ್ನು ಯಾರೂ ಬಿಚ್ಚಿರಲಿಲ್ಲ. ಇಲಿಗಳು ವೈರು ಕಡಿದಿದ್ದವು. ನವನೀತಾ ತಾನೇ ಕೋಣೆ ಗುಡಿಸಿದಳು. ವೈರು ಜೋಡಿಸಿದಳು. ಎಂಟರಲ್ಲಿ ಏಳು ಮಿಷನ್ ಎದ್ದವು. ಒಂದು ಏಳಲಿಲ್ಲ. ಅವುಗಳಲ್ಲಿ ಇಂಗ್ಲಿಷ್ ಬಿಟ್ಟರೆ ಏನೂ ಇರಲಿಲ್ಲ. ಅವಳು ಕನ್ನಡ ಹಾಕಿದಳು.

ಮೊದಲ ದಿನ ಏಳನೇ ತರಗತಿಯ ರಜಿತಾ ತನ್ನ ಹೆಸರು ಒತ್ತಿದಳು. ಪರದೆಯ ಮೇಲೆ ರ ಬಂತು. ಜಿ ಬಂತು. ಕೊನೆಗೆ ತಾ ಬಂತು. ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳು ಆ ಊರ ಕೇರಿಯವಳು. ಅವಳ ತಾಯಿ ಕಿಷ್ಟಮ್ಮ ಅದೇ ಶಾಲೆಯ ಕಸ ಹೊಡೆಯುತ್ತಿದ್ದಳು. ಕಿಟಕಿಯಲ್ಲಿ ನಿಂತು ಮಗಳ ಹೆಸರು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ನೋಡುತ್ತ ನಿಂತಳು.

ರಜಿತಾಳ ಪಕ್ಕದಲ್ಲೇ ಝಾನ್ಸಿ ಕೂತಿದ್ದಳು. ದೊಡ್ಡಮನೆಯ ಭಾನುಪ್ರಕಾಶನ ಮಗಳು. ಭಾನುಪ್ರಕಾಶ ಶಾಲಾ ಸಮಿತಿಯ ಅಧ್ಯಕ್ಷ. ಊರಲ್ಲಿ ಅವನ ಮಾತು ಮೀರುವವರಿಲ್ಲ. ಝಾನ್ಸಿಗೆ ಬಾಣ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಳುವ ಹಾಗಾಗಿದ್ದಳು. ನವನೀತಾ ಅವಳ ಹಿಂದೆ ನಿಂತು ಕೈಮೇಲೆ ಕೈಯಿಟ್ಟು ಸರಿಸಿದಳು. ಟಕ್ ಎಂದಿತು. ಝಾನ್ಸಿ ನಕ್ಕಳು. ಮನೆಗೆ ಹೋಗಿ ಖುಷಿಯಿಂದ ಹೇಳಿದಳು, ಮೇಡಂ ಕೈ ಹಿಡಿದು ಕಲಿಸಿದರು ಎಂದು. ಅಜ್ಜಿ ಕೇಳಿದಳು, ಯಾವ ಮೇಡಂ, ಯಾರ ಮಗಳು ಎಂದು.

ಮರುದಿನ ಝಾನ್ಸಿ ಒದ್ದೆ ತಲೆಯಲ್ಲೇ ಶಾಲೆಗೆ ಬಂದಳು. ಚಳಿಯ ದಿನಗಳು. ಹಲ್ಲು ಕಟಕಟ ಎನ್ನುತ್ತಿದ್ದವು. ಕೂದಲಿನಿಂದ ನೀರು ಇಳಿದು ಬೆನ್ನ ಮೇಲಿನ ಅಂಗಿ ತೊಯ್ದಿತ್ತು.

“ಯಾಕ ಝಾನ್ಸಿ, ತಲಿ ಒರಿಸಿಕೊಂಡು ಬರಬಾರದಾ? ಬಾ ಇಲ್ಲಿ.” ನವನೀತಾ ತನ್ನ ದುಪಟ್ಟಾ ಹಿಡಿದು ಹತ್ತಿರ ಹೋದಳು.

ಹುಡುಗಿ ಕುರ್ಚಿಯಿಂದ ಎದ್ದು ಗೋಡೆಗೆ ಒತ್ತಿಕೊಂಡಳು.

“ಮುಟ್ಟಬ್ಯಾಡ್ರಿ ಮೇಡಂ. ಅಜ್ಜಿ ಮತ್ತ ತಣ್ಣೀರು ಹಾಕ್ತಾಳ.”

ನವನೀತಾ ದುಪಟ್ಟಾ ಕೆಳಗೆ ಬಿಟ್ಟಳು. ಅವಳಿಗೆ ತನ್ನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಿಂದಕ್ಕೆ ಕಟ್ಟಿಕೊಂಡಳು. ಆ ದಿನ ಪಾಠ ಮಾಡಲಿಲ್ಲ.

ಮಧ್ಯಾಹ್ನ ಹೆಡ್‌ಮಾಸ್ತರ ಚಂದ್ರಕಾಂತ್ ಕರೆಸಿದರು. ಕೂತುಕೋ ಎನ್ನಲಿಲ್ಲ.

“ಭಾನುಪ್ರಕಾಶ್ ಅವ್ರು ಬಂದಿದ್ರಮ್ಮಾ. ಭಾಳ ಮರ್ಯಾದಿ ಮನಷಾ. ಸಿಟ್ಟು ಮಾಡ್ಲಿಲ್ಲ. ಒಂದs ಮಾತು ಹೇಳಿ ಹೋದ್ರು.”

“ಏನಂದ್ರು ಸರ್?”

“ಮಕ್ಕಳ ಕೈ ಹಿಡೀಬ್ಯಾಡ. ಅಷ್ಟs.”

“ಕೈ ಹಿಡೀಲಾರದ ಹೆಂಗ ಕಲಸ್ಲಿ ಸರ್?”

“ಅದನ್ನೂ ನಾ ವಿಚಾರ ಮಾಡೀನಿ.” ಚಂದ್ರಕಾಂತ್ ಬೀರುವಿನ ಹಿಂದೆ ಕೈ ಹಾಕಿ ಒಂದು ಉದ್ದನೆಯ ಬಿದಿರುಕೋಲು ತೆಗೆದರು. ಭೂಪಟ ತೋರಿಸಲು ಇಟ್ಟಿದ್ದ ಕೋಲು. ಮೇಜಿನ ಮೇಲೆ ಇಟ್ಟು ಅವಳ ಕಡೆಗೆ ತಳ್ಳಿದರು. “ದೂರ ನಿಂತು ಇದರೀಲೆ ತೋರಸು. ನಿಮ್ಮ ಕಡೀ ಮಕ್ಕಳನ್ನ ಹಿಂದಿನ ಎರಡು ಮಿಷನಿಗೆ ಕೂಡಸು. ಅವ್ರ ಕೈ ಎಷ್ಟಾದ್ರೂ ಹಿಡಿ. ಯಾರು ಕೇಳ್ತಾರ?”

“ಇದು ಕಾಯ್ದೆ ಪ್ರಕಾರ ತಪ್ಪು ಸರ್.”

“ಕಾಯ್ದೆ ನನಗೂ ಗೊತ್ತೈತಿ. ನಾನೇನು ಜಾತಿ ಮಾಡಾಂವಲ್ಲ. ಊರಾಗ ಸಾಲಿ ನಡೀಬೇಕಲ್ಲಮ್ಮಾ? ಅವ್ರೆಲ್ಲ ಟೀಸಿ ತಗೊಂಡು ತೆಲುಗು ಸಾಲಿಗೆ ಹೋದ್ರ ಈ ಕನ್ನಡ ಸಾಲಿ ಮುಚ್ಚತೈತಿ. ಆಗ ನಿಮ್ಮ ಕೇರಿ ಮಕ್ಕಳೂ ಬೀದಿಗೆ ಬೀಳ್ತಾರ. ಆ ಪಾಪ ನಿನಗ ಬೇಕಾ?”

ನವನೀತಾ ಕೋಲು ಮುಟ್ಟದೆ ಹೊರಗೆ ಬಂದಳು. ಮನೆಗೆ ಬಂದು ಅವ್ವನಿಗೆ ಹೇಳಿದಳು. ಮೊಗುಲಮ್ಮ ಒಲೆಯ ಮುಂದೆ ಕೂತಿದ್ದಳು. ಹೊಲದ ಔಷಧದ ಗಾಳಿ ಕುಡಿದ ಎದೆ ಅವಳದು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

“ಹಿಡಿಯವ್ವ. ಕೋಲು ತಾನ? ನಿಮ್ಮಪ್ಪ ಗುದ್ದಲಿ ಹಿಡದ. ನಾ ಕುಡಗೋಲು ಹಿಡದೆ. ನೀ ಕೋಲು ಹಿಡಿ. ನೆಳ್ಳಾಗ ಐದಿ. ಫ್ಯಾನಿನ ಬುಡಕ ಐದಿ. ಸುಮ್ಮನಿರು.”

“ಅವ್ವ, ಆ ಕೂಸಿಗೆ ತಣ್ಣೀರು ಹಾಕ್ಯಾರ. ನನ್ನ ಕೈ ಮುಟ್ಟಿದ್ದಕ್ಕ.”

“ನನಗೇನು ಹೊಸಾದ? ಸುಮ್ಮನಿರು ಅಂದ್ರ ಸುಮ್ಮನಿರು.”

ನವನೀತಾ ಕೋಲು ಹಿಡಿದಳು.

ಚಳಿ ಹೋಗಿ ಬಿಸಿಲು ಬರುವವರೆಗೂ ಹಿಡಿದಳು. ಉಸಿರು ಬಿಗಿಹಿಡಿದು, ತೋಳು ಚಾಚಿ, ಮಕ್ಕಳ ತಲೆಗಳ ಮೇಲಿಂದ ಕೋಲು ಹಾಯಿಸಿ ಪರದೆಗೆ ತಾಗಿಸಬೇಕು. ರಟ್ಟೆ ಸೇದುತ್ತಿತ್ತು. ಕೋಲು ನಡುಗಿ ಬೇರೆ ಕಡೆ ತಾಗುತ್ತಿತ್ತು. ಮಕ್ಕಳು ಅಲ್ಲೇ ಒತ್ತುತ್ತಿದ್ದರು. ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಕೋಲು ಪರದೆಯನ್ನು ತೋರಿಸಬಲ್ಲದು. ಬೆರಳಿನ ಭಾರವನ್ನು ಕಲಿಸಲಾರದು. ಮುಂದಿನ ಸಾಲಿನ ಮಕ್ಕಳು ಏನೂ ಕಲಿಯಲಿಲ್ಲ. ಬೇಸತ್ತು ಒಬ್ಬರ ತಲೆ ಒಬ್ಬರು ಹೊಡೆದುಕೊಂಡರು. ಅವಳಿಗೆ ಕೋಲು ಮೇಡಂ ಎಂದು ಹೆಸರಿಟ್ಟರು. ಬಸ್ಸಿಳಿದು ನಡೆದು ಬರುವಾಗ ಕಟ್ಟೆಯ ಮೇಲಿನ ಗಂಡಸರೂ ಹಾಗೇ ಕರೆದರು.

ಹಿಂದಿನ ಎರಡು ಮಿಷನ್‌ಗಳಲ್ಲಿ ಒಂದು ಸತ್ತದ್ದು. ಅದನ್ನು ರಿಪೇರಿ ಮಾಡಿಸಿ ಎಂದು ಕೇಳಿ ಕೇಳಿ ಅವಳ ಬಾಯಿ ಒಣಗಿತು. ಕೇರಿಯ ಮಕ್ಕಳೆಲ್ಲ ಒಂದೇ ಮಿಷನ್ನಿಗೆ ಮುತ್ತಿಕೊಂಡು ಸರದಿ ಕಾಯುತ್ತಿದ್ದರು. ಬೆರಳು ಇಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಒಂದು ದಿನ ರಜಿತಾ ಕೇಳಿದಳು. “ಮೇಡಂ, ಅವ್ರಿಗೆ ಯಾಕ್ರಿ ಕೋಲು? ಅವ್ರೇನು ತಪ್ಪು ಮಾಡ್ಯಾರ?”

ಕೋಲು ಅಂದರೆ ಹೊಡೆಯುವುದು ಎಂದೇ ಆ ಹುಡುಗಿ ತಿಳಿದಿದ್ದಳು. ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ನವನೀತಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಆಫೀಸಿನ ಕೋಣೆಯಲ್ಲಿ ಮಾತ್ರ ಅವಳ ಕೈ ಎಲ್ಲರಿಗೂ ಬೇಕಿತ್ತು. ಮಕ್ಕಳ ಹಾಜರಿ, ಬಿಸಿಯೂಟದ ಲೆಕ್ಕ, ಹೆಡ್‌ಮಾಸ್ತರರ ವರ್ಗಾವಣೆಯ ಅರ್ಜಿ, ಎಲ್ಲವನ್ನೂ ಆನ್‌ಲೈನಿನಲ್ಲಿ ಅವಳೇ ತುಂಬಬೇಕು. ಚಂದ್ರಕಾಂತ್ ತಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸುತ್ತಿರಲಿಲ್ಲ. ಅವಳು ನಿಂತೇ, ಮೇಜಿಗೆ ಬಗ್ಗಿ ಟೈಪ್ ಮಾಡುತ್ತಿದ್ದಳು. ಹತ್ತಿ ಹೊಲದಲ್ಲಿ ಬಗ್ಗಿದ ಹಾಗೆಯೇ. ಕೆಲಸ ಮುಗಿದ ಮೇಲೆ ಅವರು ಬಾಟಲಿಯಿಂದ ನಾಲ್ಕು ಹನಿ ಸ್ಯಾನಿಟೈಸರ್ ಹಾಕಿ ಕೀಬೋರ್ಡು ಒರೆಸುತ್ತಿದ್ದರು. “ಕರೋನಾ ಆದಾಗಿಂದ ರೂಢಿ ಬಿದ್ದೈತಿ” ಎನ್ನುತ್ತಿದ್ದರು. ಬೇರೆ ಮಾಸ್ತರರು ಮುಟ್ಟಿದಾಗ ಒರೆಸುತ್ತಿರಲಿಲ್ಲ.

ಬೇಸಿಗೆ ಏರುವ ಹೊತ್ತಿಗೆ ಸುದ್ದಿ ಬಂತು. ಮೇಲಿನ ಸಾಹೇಬರೊಬ್ಬರು ಬರುತ್ತಾರೆ. ಗಡಿಭಾಗದ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದನ್ನು ವಿಡಿಯೊ ಮಾಡುತ್ತಾರೆ. ಚಂದ್ರಕಾಂತ್ ಕೋಣೆಗೆ ಸುಣ್ಣ ಬಳಿಸಿದರು. ಕಿಷ್ಟಮ್ಮನ ಕೈಯಲ್ಲಿ ನೆಲವನ್ನು ತಿಕ್ಕಿ ತಿಕ್ಕಿ ತೊಳೆಸಿದರು. ಸಾಹೇಬರು ಬರುವ ಹಿಂದಿನ ದಿನ ನವನೀತಾಳನ್ನು ಕರೆದರು.

“ನಾಳಿಗೆ ಕೋಲು ಬ್ಯಾಡ. ಝಾನ್ಸೀನ ಮುಂದ ಕೂಡಸಿ, ಕೈ ಹಿಡಿದು ಕಲಸು. ಸಾಹೇಬ್ರ ಕಣ್ಣಿಗೆ ಚಂದ ಕಾಣತೈತಿ. ಭಾನುಪ್ರಕಾಶ್ ಅವ್ರನ್ನ ಕೇಳೀನಿ. ಒಂದು ದಿನಕ್ಕ ಅಡ್ಡಿ ಇಲ್ಲ ಅಂದಾರ.”

“ಆಮ್ಯಾಲ ಆ ಕೂಸಿಗೆ ತಣ್ಣೀರು ಹಾಕ್ತಾರೇನ್ರಿ ಸರ್?”

“ಅದು ಅವ್ರ ಮನಿ ವಿಷಯ. ನಿನಗ ಯಾಕ?”

ನವನೀತಾ ತಲೆ ತಗ್ಗಿಸಿ ಹೊರಗೆ ನಡೆದಳು. ಒಪ್ಪಿದಳೆಂದು ಚಂದ್ರಕಾಂತ್ ತಿಳಿದರು.

ಮರುದಿನ ಸಾಹೇಬರ ಕಾರು ಬಂತು. ಭಾನುಪ್ರಕಾಶ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತು ಶಾಲು ಹೊದಿಸಿದ. ಎಲ್ಲರೂ ಕಂಪ್ಯೂಟರ್ ಕೋಣೆಗೆ ಬಂದರು. ಸಾಹೇಬರ ಜೊತೆ ಬಂದವನು ಮೊಬೈಲು ಎತ್ತಿ ಹಿಡಿದ. ಝಾನ್ಸಿ ಹೊಸ ಲಂಗ ತೊಟ್ಟು ಮುಂದಿನ ಮಿಷನ್ನಿನ ಎದುರು ಕೂತಿದ್ದಳು. ಭುಜ ಬಿಗಿದುಕೊಂಡು, ಏಟು ಕಾಯುವವಳಂತೆ.

ನವನೀತಾ ಆ ಭುಜಗಳನ್ನು ನೋಡಿದಳು. ಬಾಗಿಲ ಹಿಂದೆ ಹೋದಳು. ಕೋಲು ತೆಗೆದುಕೊಂಡು ಬಂದಳು. ದಿನಾ ನಿಲ್ಲುವ ಜಾಗದಲ್ಲೇ ನಿಂತಳು. ತೋಳು ಚಾಚಿ ಪರದೆಗೆ ತಾಗಿಸಿದಳು.

“ಇಲ್ಲಿ ಒತ್ತು ಝಾನ್ಸಿ.”

ಚಂದ್ರಕಾಂತ್ ಕಣ್ಸನ್ನೆ ಮಾಡಿದರು. ಕೆಮ್ಮಿದರು. ಅವಳು ಕೋಲು ಇಳಿಸಲಿಲ್ಲ.

ಸಾಹೇಬರು ತೆಲುಗಿನಲ್ಲಿ ಕೇಳಿದರು. “ಈ ಕಟ್ಟೆ ಎಂದುಕಮ್ಮಾ?” ಕೋಲು ಯಾಕೆ ಎಂದು.

“ಹೊಸ ಪದ್ಧತಿ ಸಾರ್” ಎಂದರು ಚಂದ್ರಕಾಂತ್.

“ಹೊಸಾದಲ್ರಿ, ಹಳೀದು” ಎಂದಳು ನವನೀತಾ. “ನಾ ಮಾದಿಗರಾಕಿ. ಊರ ಮಕ್ಕಳನ್ನ ಮುಟ್ಟಬಾರದು ಅಂತ ಈ ಕೋಲು ಕೊಟ್ಟಾರ. ನಾ ಮುಟ್ಟಿದ್ದಕ್ಕ ಈ ಕೂಸಿಗೆ ಚಳಿಯಾಗ ತಣ್ಣೀರು ಹಾಕ್ಯಾರ. ಇವತ್ತು ನೀವು ಬರ್ತೀರಿ ಅಂತ ಕೋಲು ಮುಚ್ಚಿಡು ಅಂದ್ರು.”

ಸಾಹೇಬರಿಗೆ ಕನ್ನಡ ತಿಳಿಯಲಿಲ್ಲವೆಂಬ ನೆಪ ಸಿಗಬಾರದೆಂದು ಅಷ್ಟನ್ನೂ ತೆಲುಗಿನಲ್ಲಿ ಮತ್ತೊಮ್ಮೆ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ.

ಭಾನುಪ್ರಕಾಶ ಮುಂದೆ ಬಂದ. “ಏಯ್, ನಾಲಿಗಿ ಹಿಡಿ. ಊರು ಮರ್ಯಾದಿ ಕೊಟ್ಟು ಮೇಡಂ ಅಂದ್ರ ತಲಿ ಮ್ಯಾಲ ಕೂಡ್ತೀಯೇನು?”

“ಸಣ್ಣಾಕಿದ್ದಾಗ ನಿಮ್ಮಂಥೋರ ಹೊಲದಾಗ ಈ ಬೆರಳೀಲೆ ಹತ್ತಿ ಹೂ ಮುಟ್ಟೀನಿ. ಬೀಜ ಕಟ್ಟಿತು. ಆ ಬೀಜ ಮಾರಿ ಮಹಡಿ ಕಟ್ಟಿದ್ರಿ. ಆವಾಗ ಹತ್ತಿಗಿಡಕ್ಕ ಯಾರೂ ತಲಿಗೆ ನೀರು ಹಾಕ್ಲಿಲ್ಲ.”

“ನವನೀತಾ, ಕೋಲು ಕೆಳಗ ಇಡು” ಎಂದು ಚಂದ್ರಕಾಂತ್ ಕೂಗಿದರು.

“ಇಡಂಗಿಲ್ಲ ಸರ್. ನೀವs ಕೊಟ್ಟಿದ್ದು. ಹಿಡಿದ್ರ ಎಲ್ಲಾರ ಮುಂದ ಹಿಡಿತೀನಿ. ಇಲ್ಲಾ, ಈ ಮಕ್ಕಳ ಕೈ ದಿನಾ ಹಿಡಿತೀನಿ. ಒಂದು ದಿನದ ನಾಟಕ ನನ್ನ ಕೈಲೆ ಆಗಂಗಿಲ್ಲ.”

ಸಾಹೇಬರು ಮೊಬೈಲು ಹಿಡಿದವನ ಕಡೆ ತಿರುಗಿದರು. ತೆಗೆದದ್ದನ್ನು ಅಳಿಸಿಬಿಡು ಎಂದರು. ಇವೆಲ್ಲ ನಿಮ್ಮ ನಿಮ್ಮಲ್ಲಿ ಕೂತು ಬಗೆಹರಿಸಿಕೊಳ್ಳಿ ಎಂದರು. ಟೀ ಕುಡಿಯಲು ದೊಡ್ಡಮನೆಗೆ ಹೋದರು. ಝಾನ್ಸಿ ಕುರ್ಚಿಯಲ್ಲೇ ಕೂತು ಅಳುತ್ತಿದ್ದಳು. ನವನೀತಾ ಒಂದು ಹೆಜ್ಜೆ ಮುಂದಿಟ್ಟಳು. ಮಗುವಿನ ತಲೆ ಸವರಬೇಕೆನಿಸಿತು. ಸವರಿದರೆ ಮನೆಯಲ್ಲಿ ಏನಾಗುತ್ತದೆ ಎಂದು ನೆನಪಾಯಿತು. ನಿಂತಳು.

ಮರುದಿನ ಬೆಳಿಗ್ಗೆ ಏಜೆನ್ಸಿಯಿಂದ ಫೋನು ಬಂತು. ಇವತ್ತಿನಿಂದ ಶಾಲೆಗೆ ಹೋಗುವುದು ಬೇಡ ಎಂದರು. ಕಾರಣ ಕೇಳಿದಳು. ಫೋನು ಕಡಿದು ಹೋಯಿತು.

ಅವಳು ಪೊಲೀಸ್ ಠಾಣೆಗೆ ಹೋದಳು. ಇವತ್ತು ಬಾ, ನಾಳೆ ಬಾ ಎಂದರು. ಹೊರಗಿನ ಬೇವಿನ ಗಿಡದ ಕೆಳಗೆ ದಿನಗಟ್ಟಲೆ ಕೂತಳು. ಕೂತೇ ಇದ್ದಳು. ಕೊನೆಗೆ ದೂರು ತಗೊಂಡರು. ಜಾತಿ ದೌರ್ಜನ್ಯದ ಕಾಯ್ದೆಯ ಕೇಸಾದ್ದರಿಂದ ವಿಚಾರಣೆಗೆ ಡಿಎಸ್‌ಪಿಯೇ ಶಾಲೆಗೆ ಬಂದರು. ನವನೀತಾಳನ್ನೂ ಕರೆಸಿದರು.

ಶಾಲೆ ಬದಲಾಗಿತ್ತು. ಕೋಲು ಇರಲಿಲ್ಲ. ಅದನ್ನು ಒಲೆಗೆ ಹಾಕಿದ್ದರು. ಸತ್ತ ಮಿಷನ್ ಹೊರಗೆ ಹೋಗಿತ್ತು. ಕೇರಿಯ ಮಕ್ಕಳನ್ನೂ ಊರ ಮಕ್ಕಳನ್ನೂ ಒಬ್ಬರ ಪಕ್ಕ ಒಬ್ಬರಂತೆ ಕೂರಿಸಿದ್ದರು. ಡಿಎಸ್‌ಪಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಕೋಲು ನೋಡಿಲ್ಲ ಎಂದರು ಊರ ಮಕ್ಕಳು. ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರು. ಕೇರಿಯ ಮಕ್ಕಳು ತಲೆ ತಗ್ಗಿಸಿ ಮೂಕರಾಗಿ ನಿಂತು ಕೂತರು.

ಝಾನ್ಸಿಯ ಸರದಿ ಬಂತು. ಅವಳು ನವನೀತಾಳ ಕಡೆ ನೋಡಲಿಲ್ಲ.

“ಮೇಡಂ ನಿನ್ನ ಕೈ ಹಿಡಿದು ಕಲಿಸ್ತಿದ್ರಾ?”

“ಇಲ್ರಿ.”

“ಒಂದು ಸಲನೂ ಹಿಡಿದಿಲ್ಲವಾ?”

“ಇಲ್ರಿ. ನನ್ನ ಯಾವತ್ತೂ ಮುಟ್ಟಿಲ್ರಿ.”

ನವನೀತಾಳಿಗೆ ಭಾನುಪ್ರಕಾಶನ ಬೈಗಳು ನೋವು ಕೊಟ್ಟಿರಲಿಲ್ಲ. ಇದು ಕೊಟ್ಟಿತು. ಆ ಪುಟ್ಟ ಕೈ ತನ್ನ ಅಂಗೈಯ ಕೆಳಗೆ ಬೆಚ್ಚಗೆ ಇದ್ದದ್ದು ಅವಳಿಗೆ ಗೊತ್ತಿತ್ತು. ಅದನ್ನೂ ಕಿತ್ತುಕೊಂಡಿದ್ದರು. ಮಗುವಿನ ಬಾಯಿಂದಲೇ ಕಿತ್ತುಕೊಂಡಿದ್ದರು.

ಆಮೇಲೆ ರಜಿತಾ ಎದ್ದಳು. ಕಿಷ್ಟಮ್ಮ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಮೊದಲೇ ಹೇಳಿದ್ದರು, ಮಗಳು ಬಾಯಿಬಿಟ್ಟರೆ ನಿನ್ನ ಕೆಲಸ ಇರುವುದಿಲ್ಲ ಎಂದು. ರಜಿತಾ ತಾಯಿಯನ್ನು ನೋಡಿದಳು. ಕಿಷ್ಟಮ್ಮ ಬೇಡ ಎಂದು ತಲೆ ಅಲ್ಲಾಡಿಸಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಸುಮ್ಮನೆ ನೋಡಿದಳು.

“ಕೋಲು ಇತ್ರಿ ಸಾಹೇಬ್ರ” ಎಂದಳು ರಜಿತಾ. “ಅವ್ರಿಗೆ ಕೋಲು, ನಮಗ ಕೈ. ನಾವು ಹಿಂದ ಇದ್ವಿ. ನಮ್ಮದೊಂದು ಮಿಷನ್ ಸತ್ತಿತ್ರಿ. ಇವತ್ತs ಮುಂದ ಕೂಡಸ್ಯಾರ.”

ಒಂದು ವಾರವೂ ಆಗಲಿಲ್ಲ, ಕಿಷ್ಟಮ್ಮನನ್ನು ಕೆಲಸದಿಂದ ತೆಗೆದರು. ರಜಿತಾಳ ಜೊತೆ ಶಾಲೆಯಲ್ಲಿ ಯಾರೂ ಮಾತಾಡದ ಹಾಗಾಯಿತು. ಹೊಸ ಕಂಪ್ಯೂಟರ್ ಮಾಸ್ತರ ಬರುವವರೆಗೆ ಎಂದು ಕೋಣೆಗೆ ಬೀಗ ಹಾಕಿದರು. ಯಾರೂ ಬರಲಿಲ್ಲ. ನವನೀತಾ ಹಾಲಗುಡ್ಡದ ಕೇರಿಗೆ ಹೋಗಿ ಕಿಷ್ಟಮ್ಮನ ಮನೆಯ ಮುಂದೆ ನಿಂತಳು.

“ನನ್ನ ಸಲುವಾಗಿ ನಿನ್ನ ಕೆಲಸ ಹೋತಲ್ಲಕ್ಕ.”

ಕಿಷ್ಟಮ್ಮ ಸಿಟ್ಟಿನಿಂದಲೇ ಹೇಳಿದಳು. “ನಿನ್ನ ಸಲುವಾಗಿ ಯಾರು ಹೇಳ್ಯಾರ? ಅಕಿ ಕಣ್ಣೀಲೆ ಕಂಡಿದ್ದು ಅಕಿ ಹೇಳ್ಯಾಳ. ಉಪಾಸ ಇರೋದು ನಮಗ ಗೊತ್ತೈತಿ. ನೀ ಅಳಾಕ ಬಂದಿದ್ರ ಹೋಗು. ಮುಂದಿಂದು ಹೇಳಾಕ ಬಂದಿದ್ರ ಕೂಡು.”

ನವನೀತಾ ಕೂತಳು. ರಜಿತಾ ನಾರಾಯಣಪೇಟೆಗೆ ಬಂದು ಮ್ಯಾಜಿಸ್ಟ್ರೇಟರ ಮುಂದೆ ಅದೇ ಮಾತನ್ನು ಹೇಳಬೇಕು ಎಂದಳು. ಅವಳೊಬ್ಬಳೇ ಸಾಕ್ಷಿ. ಅದೊಂದೇ ಇರುವುದು.

ಹೋಗಬೇಕಾದ ದಿನ ಬೆಳಿಗ್ಗೆ ನವನೀತಾ ಮಕ್ತಲ್‌ನ ಬಸ್‌ಸ್ಟ್ಯಾಂಡಿಗೆ ಬಂದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೆಮ್ಮು ಕೇಳಿಸಿತು. ಮೊಗುಲಮ್ಮ ಒಗೆದ ಸೀರೆ ಉಟ್ಟು ನಿಂತಿದ್ದಳು.

“ನೀ ಯಾಕ ಬಂದಿ ಅವ್ವ? ಕೂಲಿ ತಪ್ಪತೈತಿ.”

“ತಪ್ಪಲಿ.”

ಮಾಗನೂರಿನ ಬಸ್ಸು ಬಂತು. ಕಿಷ್ಟಮ್ಮ ಮಗಳ ರಟ್ಟೆ ಹಿಡಿದು ಇಳಿದಳು. ನಾಲ್ವರೂ ನಾರಾಯಣಪೇಟೆಯ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ರಜಿತಾಳ ಅಂಗಾಲು ಒಂದೇ ಸಮ ನೆಲ ಕುಟ್ಟುತ್ತಿತ್ತು. ಊರು ದಾಟಿದ ಮೇಲೆ ಅವಳು ಬಾಯಿ ತೆಗೆದಳು.

“ಮೇಡಂ, ನಾ ಹೇಳಿದ್ದು ಅವ್ರು ನಂಬಲಿಲ್ಲ ಅಂದ್ರ?”

ಸುಳ್ಳು ಧೈರ್ಯ ಹೇಳಲು ನವನೀತಾಳಿಗೆ ಮನಸ್ಸಾಗಲಿಲ್ಲ. ಮೊಗುಲಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು.

“ಮತ್ತ ಹೇಳು” ಎಂದಳು. “ಸುಮ್ಮನ ಮಾತ್ರ ಇರಬ್ಯಾಡ.”